ಹರಕೆ ಹುಂಜದ ನೂಲು

ಕಳೆದ ವರ್ಷ ಡಿಸೆಂಬರ್ ಇಪ್ಪತ್ತೈದರ ಮಧ್ಯಾಹ್ನ, ಬ್ರಹ್ಮಾವರದ ನಮ್ಮ ಪಕ್ಕದ ಮನೆಯ ಕ್ರಿಸ್‌ಮಸ್ ಊಟಕ್ಕೆ ಸಾರಾದದ್ದು ನನ್ನ ಅಮ್ಮ ದೈವಕ್ಕೆ ಹರಕೆ ಹೇಳಿ ಸಾಕಿದ್ದ ಕೆಂಪು ಹುಂಜ. ಉಂಡವರು ಒಂಬತ್ತು ಮಂದಿ. ಅವರಲ್ಲಿ ನಾನೂ ಒಬ್ಬಳು. ಅದು ಯಾವ ಹುಂಜವೆಂದು ಉಣ್ಣುವ ಹೊತ್ತಿಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಎರಡನೇ ಸಲವೂ ಸಾರು ಹಾಕಿಸಿಕೊಂಡೆ.

ಹರಕೆಯ ಕಾರಣ ಹೀಗೆ. ಅದೇ ವರ್ಷ ಮಳೆಗಾಲದ ರಜೆ ಮುಗಿದು ದೋಣಿಗಳು ಕಡಲಿಗೆ ಇಳಿದ ಎರಡನೇ ವಾರ, ಉಪ್ಪುಂದದಲ್ಲಿರುವ ನನ್ನ ತಮ್ಮನ ನಾಡದೋಣಿ ಅಲೆಗೆ ಸಿಕ್ಕಿ ಮಗುಚಿತು. ದೋಣಿಯಲ್ಲಿ ಐದು ಜನ ಇದ್ದರು. ನಾಲ್ವರು ಈಜಿ ದಡ ಸೇರಿದರು. ತಮ್ಮ ಸಿಗಲಿಲ್ಲ. ಬ್ರಹ್ಮಾವರದಲ್ಲಿ ನನ್ನ ಜೊತೆ ಇರುವ ಅಮ್ಮನಿಗೆ ಫೋನ್ ಬಂದಾಗ ಅವಳು ಅಂಗಳದಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಹೇಂಟೆಯ ಹಿಂದೆ ಆರೇಳು ಮರಿಗಳಿದ್ದವು. ಅವಳು ಅಳಲಿಲ್ಲ. ಒಂದು ಕೆಂಪು ಮರಿಯನ್ನು ಬೆರಳಿನಿಂದ ತೋರಿಸಿ, ಮಗ ಬಂದರೆ ಇದನ್ನು ಕೈಯಾರೆ ಸಾಕಿ ಮುಂದಿನ ಕೋಲದ ದಿನ ಬೊಬ್ಬರ್ಯನಿಗೆ ಒಪ್ಪಿಸುತ್ತೇನೆ ಎಂದಳು. ಬೊಬ್ಬರ್ಯ ನಮ್ಮ ಕಡಲ ಜನರ ದೈವ, ಕೋಲ ಅವನ ವರ್ಷಕ್ಕೊಮ್ಮೆಯ ಉತ್ಸವ. ನಾಲ್ಕು ತಾಸಿನ ನಂತರ ತಮ್ಮ ಒಂದು ಪ್ಲಾಸ್ಟಿಕ್ ಕ್ಯಾನನ್ನು ಅಪ್ಪಿಕೊಂಡು ತೇಲುತ್ತಿದ್ದುದು ಬೇರೆ ದೋಣಿಯವರಿಗೆ ಕಂಡಿತು. ಸಂಜೆಯ ಹೊತ್ತಿಗೆ ಅಮ್ಮ ಆ ಮರಿಯ ಬಲಗಾಲಿಗೆ ಅರಶಿನ ಹಚ್ಚಿದ ನೂಲು ಕಟ್ಟಿದ್ದಳು.

ನಮ್ಮ ಕಡೆ ಆ ನೂಲಿನ ಅರ್ಥ ಯಾರಿಗೂ ಹೇಳಿಕೊಡಬೇಕಿಲ್ಲ. ನೂಲು ಕಟ್ಟಿದ ಕೋಳಿಯನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ, ಕಲ್ಲು ಎಸೆದು ಓಡಿಸುವುದೂ ಇಲ್ಲ. ದೈವವನ್ನು ನಂಬುವವರು, ನಂಬದವರು, ಇಗರ್ಜಿಗೆ ಹೋಗುವ ಕ್ರೈಸ್ತರು ಎಲ್ಲರಿಗೂ ಅದು ಗೊತ್ತು.

ಪಕ್ಕದ ಮನೆಯವರು ನಿವೃತ್ತ ಕನ್ನಡ ಟೀಚರ್. ಮದುವೆಯಾಗದೆ ಒಬ್ಬರೇ ಇದ್ದಾರೆ. ಅವರದು ಪ್ರಾಟೆಸ್ಟೆಂಟ್ ಮನೆತನ, ಮನೆಯಲ್ಲೂ ಇಗರ್ಜಿಯ ಸಭೆಯಲ್ಲೂ ಕನ್ನಡವೇ. ಅಮ್ಮ ಅವರನ್ನು ಬಲ್ಲದ್ದು ನೆರೆಮನೆಯವಳಾಗಿ ಅಲ್ಲ, ಮೀನು ಮಾರುವವಳಾಗಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಮ್ಮ ಬೆಳಗಿನ ಬಸ್ಸಿಗೆ ಬುಟ್ಟಿ ಹೊತ್ತು ಬಂದು ಬ್ರಹ್ಮಾವರದ ಮನೆಮನೆಗೆ ಮೀನು ಕೊಟ್ಟಿದ್ದಾಳೆ. ಶಾಲೆಗೆ ರಜೆಯಿದ್ದ ದಿನ ನಾನೂ ಜೊತೆಗಿರುತ್ತಿದ್ದೆ. ಅಮ್ಮ ಉಳಿದ ಮನೆಗಳನ್ನು ಮುಗಿಸಿ ಬರುವವರೆಗೆ ಟೀಚರ್ ನನ್ನನ್ನು ತಮ್ಮ ಜಗಲಿಯಲ್ಲಿ ಕೂರಿಸಿ ಅಂದಿನ ಪೇಪರ್ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳುತ್ತಿದ್ದರು. ಹೆಸರು ತಪ್ಪಿದರೆ ಆ ಸಾಲನ್ನು ಮತ್ತೆ ಓದಬೇಕಿತ್ತು. ಅದೇ ಜಗಲಿಯ ದೆಸೆಯಿಂದ ನಾನು ಇವತ್ತು ಪತ್ರಿಕೆಯೊಂದರ ಕುಂದಾಪುರ ಕಚೇರಿಯಲ್ಲಿ ವರದಿಗಾರ್ತಿ. ಕೆಲಸ ಸಿಕ್ಕಿದ ಮೇಲೆ ಟೀಚರ್ ಪಕ್ಕದ ಮನೆ ಖಾಲಿಯಾಯಿತೆಂದು ಅವರೇ ಹೇಳಿಕಳಿಸಿದರು. ನಾನೂ ಅಮ್ಮನೂ ಬಂದು ನೆಲೆಸಿದೆವು.

ಆಗ ಎರಡು ವರ್ಷದಿಂದ ಟೀಚರ್ ಕಣ್ಣು ಮಂಜಾಗಿತ್ತು. ಒಂದು ಕಣ್ಣಿನ ಆಪರೇಷನ್ ಆಗಿತ್ತು, ಇನ್ನೊಂದನ್ನು ಮುಂದೂಡುತ್ತಲೇ ಇದ್ದರು. ಹಾಗಾಗಿ ಬೆಳಿಗ್ಗೆ ಏಳರಿಂದ ಏಳೂವರೆ ನಾನು ಅವರಿಗೆ ಬೈಬಲ್ ಓದುತ್ತಿದ್ದೆ. ಅವರಿಗೆ ಹಿಡಿಸುವುದು ಹಳೆಯ ಒಡಂಬಡಿಕೆ. ಓದುವಾಗ ನನಗೆ ಕಂಡದ್ದು ಇಷ್ಟು: ಅಲ್ಲಿನ ದೇವರು ಎರಡು ವಿಷಯವನ್ನು ಎಷ್ಟು ಸಲ ಹೇಳಿದರೂ ಬಿಡುವುದಿಲ್ಲ. ಒಂದು, ಕೈಯಲ್ಲಿ ಮಾಡಿದ ಮೂರ್ತಿಗೆ ಅಡ್ಡಬೀಳಬೇಡಿ. ಇನ್ನೊಂದು, ಆಡಿದ ಮಾತನ್ನು ಮುರಿಯಬೇಡಿ. ಎರಡಕ್ಕೂ ಶಿಕ್ಷೆ ಇದೆ. ಚಿನ್ನದ ಕರು ಎರಕ ಹೊಯ್ದವರಿಗೆ ಏನಾಯಿತು, ಒಂದೇ ಮರದ ಅರ್ಧವನ್ನು ಒಲೆಗೆ ಹಾಕಿ ಉಳಿದರ್ಧವನ್ನು ದೇವರು ಮಾಡಿಕೊಂಡವನನ್ನು ಪ್ರವಾದಿ ಹೇಗೆ ಹಾಸ್ಯ ಮಾಡಿದ, ಎಲ್ಲವನ್ನೂ ಓದಿದ್ದೇನೆ.

ಅಮ್ಮ ಎರಡು ಮನೆಗಳ ನಡುವಿನ ಪಾಗಾರ ಗೋಡೆಯ ಈಚೆ ಮೀನು ಕೊಯ್ಯುತ್ತಾ ಇದನ್ನೆಲ್ಲ ಕೇಳುತ್ತಿದ್ದಳು. ಮರದ ದೇವರ ಭಾಗ ಓದಿದ ದಿನ ನನಗೆ ಮುಜುಗರವಾಗಿ ದನಿ ತಗ್ಗಿಸಿದೆ. ಟೀಚರ್ ಗಟ್ಟಿಯಾಗಿ ಓದಲು ಹೇಳಿದರು. ಓದಿ ಮುಗಿದಾಗ ಪಾಗಾರದಾಚೆಯಿಂದ ಅಮ್ಮನ ದನಿ ಬಂತು.

“ಟೀಚ್ರೇ, ನಿಮ್ ದೇವ್ರಿಗ್ ಸಿಟ್ಟ್ ಜಾಸ್ತಿ ಅಲ್ದಾ? ನಮ್ ಬೊಬ್ಬರ್ಯನೂ ಹಂಗೇ ಕಾಣಿ.”

ಟೀಚರ್ ನಗಬಾರದೆಂದು ತುಟಿ ಬಿಗಿಹಿಡಿದದ್ದು ನನಗೆ ಕಂಡಿತು. ನಕ್ಕರು.

ಅವರಿಬ್ಬರ ನಡುವೆ ಒಂದು ಕ್ರಮ ಮೊದಲಿನಿಂದಲೂ ಇತ್ತು. ಅಮ್ಮ ಪ್ರಸಾದವೆಂದು ಏನನ್ನೂ ಟೀಚರಿಗೆ ಕೊಟ್ಟವಳಲ್ಲ. ಕೊಟ್ಟರೆ ಅವರಿಗೆ ಬೇಡ ಅನ್ನಲು ಕಷ್ಟವಾಗುತ್ತದೆಂದು ಅವಳಿಗೆ ಗೊತ್ತು. ಟೀಚರ್ ಅಮ್ಮನ ದೈವದ ಬಗ್ಗೆ ಹಗುರವಾಗಿ ಒಂದು ಮಾತೂ ಆಡಿದವರಲ್ಲ. ಆದರೆ ಅವರ ನಂಬಿಕೆ ಏನೆಂಬುದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ದೈವದ ಕೆಲಸಕ್ಕೆ ಕೈ ಹಾಕಿದರೆ ಅದು ತಪ್ಪು, ಆ ತಪ್ಪಿಗೆ ಮೇಲೆ ಕೇಳುವವನಿದ್ದಾನೆ.

ನವೆಂಬರ್ ಕೊನೆಯಲ್ಲಿ ತಮ್ಮನ ಹೆಂಡತಿ ಬಾಣಂತನ ಮುಗಿಸಿ ಬಿಜೂರಿನ ತವರಿನಿಂದ ಮಗುವಿನೊಂದಿಗೆ ಉಪ್ಪುಂದಕ್ಕೆ ಮರಳಿದಳು. ಮಗು ನೋಡಿಕೊಳ್ಳಲು ಅಮ್ಮ ಹೋಗಬೇಕಾಯಿತು, ಹೆಚ್ಚೆಂದರೆ ಒಂದೂವರೆ ತಿಂಗಳು. ಉಳಿದ ಕೋಳಿಗಳನ್ನು ಮೊದಲೇ ಕೊಟ್ಟಾಗಿತ್ತು. ಹುಂಜವನ್ನು ಉಪ್ಪುಂದಕ್ಕೆ ಒಯ್ಯುವ ಹಾಗಿರಲಿಲ್ಲ. ತಮ್ಮನ ಮನೆಯ ಸುತ್ತಲಿನ ನಾಯಿಗಳು ಆ ತಿಂಗಳಲ್ಲೇ ಮೂರು ಕೋಳಿ ಹಿಡಿದಿದ್ದವು. ನನ್ನ ಕೈಗೆ ಕೊಡಲು ಅಮ್ಮನಿಗೆ ಧೈರ್ಯವಿಲ್ಲ. ನಿನ್ನ ಹೊಟ್ಟೆಗೇ ನೀನು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳುವುದಿಲ್ಲ ಎಂದಳು. ಅದು ನಿಜ. ಅವಳು ಪಾಗಾರದ ಹತ್ತಿರ ಹೋಗಿ ಟೀಚರನ್ನು ಕರೆದಳು.

“ಪೂಜೆ ಮಾಡುಕ್ ಹೇಳ್ತಿಲ್ಲೆ ಟೀಚ್ರೇ. ನುಚ್ಚ್ ನಾನೇ ಅಳ್ದ್ ಡಬ್ಬಿಯಂಗೆ ಇಟ್ಟ್ ಹೋತೆ. ಒಂದ್ ಮುಷ್ಟಿ ಹಾಕುದ್, ಸಂಜಿಗ್ ಗೂಡಿಗ್ ಬಿಡುದ್. ಅಷ್ಟೇ.”

ಟೀಚರ್ ನಾಳೆ ಹೇಳುವೆನೆಂದರು. ಅಮ್ಮ ಒತ್ತಾಯ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಟೀಚರ್ ಓದಬೇಕಾದ ಪುಟಗಳಿಗೆ ಗುರುತಿನ ಚೀಟಿ ಇಟ್ಟಿದ್ದರು. ಒಂದು ಮೊದಲಿನ ಪುಸ್ತಕಗಳಲ್ಲಿ, ಇನ್ನೊಂದು ಬಹಳ ಮುಂದೆ, ಅರಸರ ಕಾಲದಲ್ಲಿ. ಎರಡೂ ಒಂದೇ ಕತೆಯ ಎರಡು ತುದಿ. ಗಿಬ್ಯೋನ್ ಎಂಬ ಊರಿನ ಜನ, ಬೇರೆ ದೇವರುಗಳನ್ನು ಪೂಜಿಸುವವರು, ಇಸ್ರಾಯೇಲ್ಯರ ಕೈಗೆ ಸಿಕ್ಕಿದರೆ ಉಳಿಯುವುದಿಲ್ಲವೆಂದು ಹೆದರಿದರು. ಹರಿದ ಚಪ್ಪಲಿ ಮೆಟ್ಟಿ, ಬೂಷ್ಟು ಹಿಡಿದ ರೊಟ್ಟಿ ಕಟ್ಟಿಕೊಂಡು, ಬಹಳ ದೂರದಿಂದ ಬಂದವರೆಂದು ಸುಳ್ಳು ಹೇಳಿ, ನಿಮ್ಮನ್ನು ಕೊಲ್ಲುವುದಿಲ್ಲ ಎಂಬ ಮಾತು ಪಡೆದರು. ಮೂರು ದಿನದಲ್ಲಿ ಮೋಸ ಬಯಲಾಯಿತು. ಆದರೂ ಕೊಲ್ಲಲಿಲ್ಲ. ಮಾತು ದೇವರ ಹೆಸರಿನಲ್ಲಿ ಕೊಟ್ಟಾಗಿತ್ತು. ಎಷ್ಟೋ ತಲೆಮಾರಿನ ನಂತರ ಒಬ್ಬ ಅರಸ ಆ ಮಾತು ಮುರಿದು ಅವರಲ್ಲಿ ಹಲವರನ್ನು ಕೊಂದ. ಅವನು ಸತ್ತ ಮೇಲೆ ನಾಡಿಗೆ ಮೂರು ವರ್ಷ ಬರ ಬಂತು. ಕಾರಣ ಕೇಳಿದಾಗ ದೇವರು ಹೇಳಿದ್ದು ಆ ಹಳೆಯ ಮಾತನ್ನು.

ಓದಿ ಮುಗಿಸಿದೆ. ಟೀಚರ್, ಆ ಜನ ಯಾವ ದೇವರಿಗೆ ಕೈಮುಗಿಯುತ್ತಿದ್ದರೆಂದು ಅಲ್ಲಿ ದೇವರು ಕೇಳಲೇ ಇಲ್ಲ ನೋಡು ಎಂದರು. ಆಮೇಲೆ ಎದ್ದು ಪಾಗಾರದ ಹತ್ತಿರ ಹೋದರು.

“ನಾನ್ ಸಾಕುದ್ ಕೋಳಿನ. ನೀವದನ್ನ ಯಾರಿಗ್ ಕೊಡ್ತ್ರಿ ಅಂಬುದ್ ನಂಗ್ ಬೇಡ. ನೀವ್ ಬಪ್ಪಲ್ಲಿವರೆಗ್ ಅದಕ್ಕೆಂತ ಆಪುಕಾಗ. ಮಾತ್ ಕೊಟ್ಟೆ.”

ಅಮ್ಮ ಹುಂಜವನ್ನು ಎತ್ತಿ ಪಾಗಾರದ ಮೇಲಿನಿಂದ ದಾಟಿಸಿದಳು.

ಮೂರನೇ ದಿನ ನಾನು ಕಂಡದ್ದನ್ನು ಈಗ ಬರೆಯಬೇಕು. ಟೀಚರ್ ಮೆಟ್ಟಿಲ ಮೇಲೆ ಕೂತು ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಾಲಿನ ನೂಲು ಬಿಚ್ಚುತ್ತಿದ್ದರು. ಕಣ್ಣು ಸರಿ ಕಾಣದ ಕಾರಣ ತುಂಬಾ ಹೊತ್ತು ಹಿಡಿಯಿತು. ಕತ್ತರಿಸಲಿಲ್ಲ, ಗಂಟು ಬಿಡಿಸಿದರು. ನೂಲನ್ನು ಒಂದು ಕವರಿನಲ್ಲಿ ಹಾಕಿ, ಅದರ ಮೇಲೆ ಅಮ್ಮನ ಹೆಸರು ಬರೆದು ಕಪಾಟಿನಲ್ಲಿಟ್ಟರು. ಕೋಳಿ ಇರಲಿ, ಈ ಗುರುತು ನನ್ನ ಅಂಗಳದಲ್ಲಿ ಬೇಡ, ನಿನ್ನ ಅಮ್ಮ ಬಂದ ದಿನ ಅವಳೇ ಕಟ್ಟಿಕೊಳ್ಳಲಿ ಎಂದರು. ನನಗೆ ಅದು ನ್ಯಾಯವಾಗಿ ಕಂಡಿತು. ಅಮ್ಮನಿಗೆ ಫೋನಿನಲ್ಲಿ ತಿಳಿಸಬಹುದಿತ್ತು, ತಿಳಿಸಲಿಲ್ಲ. ಆ ತಿಂಗಳ ತಪ್ಪಿನಲ್ಲಿ ನನ್ನ ಪಾಲು ಅದು.

ಹುಂಜ ಚೆನ್ನಾಗಿ ಬೆಳೆಯಿತು. ಟೀಚರ್ ಅದಕ್ಕೆ ಡಬ್ಬಿಯ ನುಚ್ಚಲ್ಲದೆ ಬೇರೇನನ್ನೂ ಹಾಕಲಿಲ್ಲ. ನಾನು ಓದಲು ಕೂತ ಕೂಡಲೇ ಅದು ಜಗಲಿಯ ಕಟ್ಟೆ ಹತ್ತಿ ಕೂಗುತ್ತಿತ್ತು. ಪ್ರವಾದಿಗಳ ಸಿಟ್ಟಿನ ನಡುವೆ ಆ ಕೂಗು ಎಷ್ಟು ಸಲ ಬಂತೆಂದರೆ ಒಂದು ದಿನ ಟೀಚರ್, ಅದು ಮುಗಿಸಲಿ, ಆಮೇಲೆ ನೀನು ಓದು ಎಂದರು.

ಕ್ರಿಸ್‌ಮಸ್‌ಗೆ ಕುಂದಾಪುರದಿಂದ ಟೀಚರ್ ತಮ್ಮನ ಸಂಸಾರ ಬರುವುದು ವಾಡಿಕೆ. ಹಿಂದಿನ ದಿನ ಟೀಚರ್ ಊರ ಕೋಳಿಯೊಂದನ್ನು ತರಿಸಿದರು. ಅದೂ ಕೆಂಪು ಹುಂಜವೇ. ಅದರ ಕಾಲಿಗೆ ಹಗ್ಗ ಹಾಕಿ ಹಿತ್ತಲಿನ ಹಲಸಿನ ಮರಕ್ಕೆ ಕಟ್ಟಿದರು. ಬೆಳಿಗ್ಗೆ ಆರಾಧನೆಗೆ ಹೊರಡುವ ಮುಂಚೆ ಅವರಿಗೆ ಇನ್ನೊಂದು ಯೋಚನೆ ಬಂತು. ತಮ್ಮನ ಮನೆಯವರು ಕಾರಿನಲ್ಲಿ ನಾಯಿಯನ್ನೂ ಕರೆತರುತ್ತಾರೆ, ಅಮ್ಮನ ಹುಂಜ ಅಂಗಳದಲ್ಲಿ ಬಿಡುಬೀಸಾಗಿ ತಿರುಗಿದರೆ ಅಪಾಯ. ಅದನ್ನು ಹಿಡಿದು ಹಿತ್ತಲಿನಲ್ಲಿ ದೊಡ್ಡ ಬುಟ್ಟಿ ಕವುಚಿ ಒಳಗೆ ಹಾಕಿ, ಮೇಲೆ ಕಲ್ಲಿಟ್ಟರು. ಇಷ್ಟು ಜೋಪಾನ ಮಾಡಿ ಇಗರ್ಜಿಗೆ ಹೋದರು.

ಅವರ ತಮ್ಮ ಬಂದದ್ದು ಒಂಬತ್ತಕ್ಕೆ. ಕೋಳಿ ಹಿತ್ತಲಿನಲ್ಲಿದೆ, ಬಂದವರೇ ಅಡುಗೆ ಶುರುಮಾಡಿ ಎಂದು ಅಕ್ಕ ಮೊದಲೇ ಹೇಳಿದ್ದರು. ನಮ್ಮ ಕಡೆಯ ಯಾವ ಮನೆಯಲ್ಲಾದರೂ ಹಬ್ಬದ ದಿನ ಬುಟ್ಟಿಯಡಿ ಇರುವುದು ಅಡುಗೆಯ ಕೋಳಿ. ಹಿಂದಿನ ಸಂಜೆಯಿಂದ ತಿನ್ನಲು ಕೊಡದೆ ಹಾಗೆ ಮುಚ್ಚಿಡುತ್ತಾರೆ. ಅವರು ಕಲ್ಲು ಸರಿಸಿ, ಬುಟ್ಟಿ ಎತ್ತಿ, ಹುಂಜದ ಕಾಲು ಹಿಡಿದರು. ಕಾಲಿನಲ್ಲಿ ನೂಲು ಇರಲಿಲ್ಲ.

ಊಟ ಚೆನ್ನಾಗಿತ್ತು. ಟೀಚರ್ ತಮ್ಮನ ಹೆಂಡತಿ ಸಾರಿಗೆ ಮೆಣಸನ್ನು ತಾನೇ ಹುರಿದು ಅರೆದಿದ್ದಳು. ಎಲ್ಲರೂ ಎದ್ದ ಮೇಲೆ ಟೀಚರ್ ಡಬ್ಬಿಯಿಂದ ಒಂದು ಮುಷ್ಟಿ ನುಚ್ಚು ತೆಗೆದು ಹಿತ್ತಲಿಗೆ ಹೋದರು. ನಾನು ಕೈ ತೊಳೆಯುತ್ತಿದ್ದೆ. ಬುಟ್ಟಿ ಪಕ್ಕಕ್ಕೆ ಉರುಳಿ ಖಾಲಿ ಬಿದ್ದಿತ್ತು. ಹಲಸಿನ ಬುಡದಲ್ಲಿ ಕಟ್ಟಿದ್ದ ಕೋಳಿ ಇವರನ್ನು ಕಂಡು ಕೊಕ್ಕೊಕ್ ಎಂದಿತು. ಟೀಚರ್ ಹತ್ತಿರ ಹೋಗಿ ಬಗ್ಗಿ, ಅದರ ಕಾಲಿನ ಹಗ್ಗ ಮುಟ್ಟಿ ನೋಡಿದರು. ನುಚ್ಚು ಹಿಡಿದ ಮುಷ್ಟಿ ಹಾಗೆಯೇ ಇತ್ತು. ಆ ಮಧ್ಯಾಹ್ನ ನೆಂಟರ ಎದುರು ಅವರು ತಮ್ಮನನ್ನು ಬೈಯಲಿಲ್ಲ. ನಾಲ್ಕಕ್ಕೆ ಕಾರು ಹೊರಟಿತು. ನಾಲ್ಕೂ ಐದಕ್ಕೆ ಅವರು ನಮ್ಮ ಮನೆಯ ಬಾಗಿಲಲ್ಲಿದ್ದರು.

ಆ ಹೊತ್ತಿಗೆ ನನ್ನ ಬಳಿ ಒಂದು ಉಪಾಯ ತಯಾರಿತ್ತು. ಎರಡೂ ಕೆಂಪು ಹುಂಜ, ಹೆಚ್ಚುಕಡಿಮೆ ಒಂದೇ ಪ್ರಾಯ. ನೂಲು ಕಪಾಟಿನಲ್ಲಿದೆ. ಇದಕ್ಕೆ ಕಟ್ಟಿದರಾಯಿತು. ಅಮ್ಮನಿಗೆ ನೆಮ್ಮದಿ, ನನ್ನ ತಮ್ಮನಿಗೂ ನೆಮ್ಮದಿ. ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಟೀಚರ್ ಪೂರ್ತಿ ಕೇಳಿದರು.

“ನಿನ್ ಪೇಪರಂಗೆ ತಪ್ಪ್ ಬಂದ್ರೆ ಎಂತ ಮಾಡ್ತ್ರಿ?”

ತಿದ್ದುಪಡಿ ಹಾಕುತ್ತೇವೆ ಎಂದೆ.

“ಎಲ್ಲಿ?”

ಒಳಪುಟದಲ್ಲಿ, ಕೆಳಗೆ, ಸಣ್ಣ ಅಕ್ಷರದಲ್ಲಿ ಎಂದೆ.

“ನಾನ್ ಮುಖಪುಟದಂಗೇ ಹಾಕುದ್. ನಾಳೆ ಉಪ್ಪುಂದಕ್ಕ್ ಹೋಪ.”

ಫೋನ್ ಮಾಡಬಹುದಲ್ಲ ಎಂದೆ. ಹುಂಜವನ್ನು ಕೈಯಿಂದ ಕೈಗೆ ತೆಗೆದುಕೊಂಡದ್ದು, ಹೋದ ಸುದ್ದಿಯನ್ನೂ ಎದುರು ನಿಂತೇ ಹೇಳಬೇಕು ಎಂದರು.

ಕುಂದಾಪುರದಲ್ಲಿ ಬಸ್ಸು ಬದಲಿಸಿ ನಾವು ಉಪ್ಪುಂದ ತಲುಪಿದಾಗ ಹತ್ತು ಗಂಟೆ. ಅಮ್ಮ ಅಂಗಳದಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತಿದ್ದಳು. ಟೀಚರನ್ನು ಕಂಡು ಮುಖ ಅರಳಿತು. ಟೀಚರ್ ಕೂರದೆ, ನೀರೂ ಮುಟ್ಟದೆ, ನಡೆದದ್ದನ್ನು ಮೊದಲಿನಿಂದ ಹೇಳಿದರು. ನೂಲಿನಿಂದ ಶುರುಮಾಡಿದರು. ಕವರನ್ನು ಚೀಲದಿಂದ ತೆಗೆದು ಕೊಟ್ಟರು. ಕೊಯ್ದ ತಮ್ಮನ ಹೆಸರನ್ನು ನಡುವೆ ತರಲೇ ಇಲ್ಲ, ನನ್ನ ಮನೆಯಲ್ಲಿ ಕೊಯ್ದರು ಎಂದಷ್ಟೇ ಹೇಳಿದರು.

ಅಮ್ಮ ಮಗುವಿನ ಬೆನ್ನಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಮೀಯಿಸಿ, ಬಟ್ಟೆ ಸುತ್ತಿ ಸೊಸೆಯ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೀನೂ ತಿಂದ್ಯಾ?”

ಹೌದೆಂದೆ.

“ಹ್ಯಾಂಗಿತ್ತ್?”

ರುಚಿಯಿತ್ತು ಎಂದೆ.

“ರುಚಿ ಆಗ್ದೆ ಎಂತ. ಐದ್ ತಿಂಗ್ಳ್ ನನ್ ಕೈ ನುಚ್ಚ್ ತಿಂದದ್,” ಎಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡದ್ದು ಬೆವರಲ್ಲ.

ಅವಳಿಗೆ ಟೀಚರ್ ಮೇಲೆ ಸಿಟ್ಟಿರಲಿಲ್ಲ. ಅವಳದು ಭಯ. ಹರಕೆ ಹೇಳಿದ್ದು ಬೇರೆ ಯಾವುದೋ ಕೋಳಿಯನ್ನಲ್ಲ, ಬೆರಳು ಮಾಡಿ ತೋರಿಸಿದ ಆ ಮರಿಯನ್ನು. ಅದಕ್ಕೆ ಪ್ರತಿಯಾಗಿ ಕಡಲು ಮಗನನ್ನು ಹಿಂದಕ್ಕೆ ಕೊಟ್ಟಿತ್ತು. ಈಗ ಮರಿ ಇಲ್ಲ, ಮಗ ದಿನಾ ಅದೇ ಕಡಲಿಗೆ ಹೋಗುತ್ತಿದ್ದಾನೆ. ಕೋಲಕ್ಕೆ ಎರಡೇ ತಿಂಗಳಿತ್ತು. ಎರಡು ತಿಂಗಳಲ್ಲಿ ಮೊಟ್ಟೆಯಿಂದ ಹುಂಜವಾಗುವುದಿಲ್ಲ. ದೈವದ ಅಪ್ಪಣೆ ಕೇಳುವವರೆಗೆ ತಮ್ಮ ದೋಣಿ ಹತ್ತುವ ಹಾಗಿಲ್ಲ ಎಂದಳು. ತಮ್ಮ ವಾದಿಸಲಿಲ್ಲ. ಹಲ್ಲುಕಡ್ಡಿ ಕಚ್ಚಿಕೊಂಡು ಕೂತಿದ್ದವನು ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು.

“ಕೋಳಿ ತಿಂದದ್ ಅಕ್ಕ, ಮನೆಯಂಗೆ ಕೂಕಂಡದ್ ನಾನ್.”

ಅಪ್ಪಣೆ ಕೇಳುವುದು ಮುಂದಿನ ಮಂಗಳವಾರ ಬೆಳಿಗ್ಗೆಗೆ ನಿಗದಿಯಾಯಿತು. ಆ ವಾರ ಮಂಜಿಲ್ಲದೆ ಕಡಲು ಶಾಂತವಾಗಿತ್ತು, ಬಂಗುಡೆ ರಾಶಿ ಬಿದ್ದಿತು, ತಮ್ಮ ದಡದಲ್ಲಿ ಕೂತು ನೋಡಿದ.

ಟೀಚರ್ ತಾವೂ ಬರುವೆನೆಂದರು. ಇದು ಯಾರ ನಿರೀಕ್ಷೆಯಲ್ಲೂ ಇರಲಿಲ್ಲ. ಅಮ್ಮ ಬೇಡವೆಂದಳು. ನಿಮ್ಮ ಸಭೆಯವರು ಕಂಡರೆ ಏನೆಂದಾರು ಎಂದು ನಾನೂ ಕೇಳಿದೆ. ಟೀಚರ್ ಭಾನುವಾರ ಆರಾಧನೆ ಮುಗಿದ ಮೇಲೆ ತಮ್ಮ ಸಭಾಪಾಲಕ ಅಯ್ಯನವರಿಗೆ ಎಲ್ಲವನ್ನೂ ಹೇಳಿದರು. ಅವರು ಹೋಗಿ ಎನ್ನಲಿಲ್ಲ, ಹೋಗಬೇಡಿ ಎನ್ನಲೂ ಇಲ್ಲ. ಪ್ರಾರ್ಥನೆ ಮಾಡೋಣ ಎಂದರಂತೆ. ಬಸ್ಸಿನಲ್ಲಿ ಟೀಚರ್ ಕಿಟಕಿಯ ಹತ್ತಿರ ಕೂತು ಬೈಂದೂರು ಕಡೆಯ ಗದ್ದೆಗಳನ್ನು ನೋಡುತ್ತಿದ್ದರು. ಅವರಿಗೆ ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ. ಮೂರ್ತಿಯ ಮುಂದೆ ನಿಲ್ಲುವುದಿಲ್ಲ, ಮಾತು ತಪ್ಪಿಸಿಕೊಂಡು ಓಡುವುದೂ ಇಲ್ಲ, ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಅಲ್ಲಿ ಹೋದ ಮೇಲೆ ತಿಳಿಯುತ್ತದೆ ಎಂದರು.

ದೈವದ ಜಾಗ ದೊಡ್ಡದೇನಲ್ಲ. ತೆಂಗಿನ ಮರಗಳ ನಡುವೆ ಒಂದು ಕಟ್ಟೆ, ಅದರ ಮೇಲೆ ಹೆಂಚಿನ ಮಾಡು, ಸುತ್ತ ಸೊಂಟದೆತ್ತರದ ಮುರಕಲ್ಲಿನ ಪಾಗಾರ. ಪಾಗಾರದಾಚೆ ಕಾಂಕ್ರೀಟ್ ರಸ್ತೆ. ಟೀಚರ್ ರಸ್ತೆಯಲ್ಲೇ ನಿಂತರು. ಚಪ್ಪಲಿ ಕಳಚಿ ಬದಿಗಿಟ್ಟರು. ಕೈ ಮುಗಿಯಲಿಲ್ಲ. ಅಮ್ಮ, ತಮ್ಮ, ನಾನು ಒಳಗೆ ಹೋದೆವು.

ಪಾತ್ರಿ, ಅಂದರೆ ದೈವ ಯಾರ ಮೈಮೇಲೆ ಬರುತ್ತದೋ ಆತ, ಉಳಿದ ದಿನ ಬಲೆ ದುರಸ್ತಿ ಮಾಡುವವನು. ದರ್ಶನ ಬಂದಾಗ ಅಮ್ಮ ಹೇಳಬೇಕಾದ್ದನ್ನು ಹೇಳಲು ಹೊರಟಳು. ಮಗನ ತೋಳು ಹಿಡಿದು ಅರ್ಧಕ್ಕೇ ನಿಂತಳು. ಆಗ ರಸ್ತೆಯ ಕಡೆಯಿಂದ ಟೀಚರ್ ದನಿ ಬಂತು. ಹಿಂದಿನ ಬೆಂಚಿನವರೆಗೂ ಮುಟ್ಟುವ ತರಗತಿಯ ದನಿ, ಆಡಿದ್ದು ಪುಸ್ತಕದ ಕನ್ನಡ.

“ಇಲ್ಲಿರುವ ಜನರಿಗೆ ಹೇಳುತ್ತಿದ್ದೇನೆ. ಈ ಹೆಂಗಸು ಮಾತು ತಪ್ಪಿದವಳಲ್ಲ. ನೂಲು ಬಿಚ್ಚಿದವಳು ನಾನು. ಕೋಳಿ ಹೋದದ್ದು ನನ್ನ ಮನೆಯಲ್ಲಿ. ಇದಕ್ಕೆ ಏನೇ ಬರುವುದಿದ್ದರೂ ನನಗೆ ಬರಲಿ. ಅವಳ ಮಗನಿಗೆ ಬೇಡ.”

ಕಟ್ಟೆಯ ಸುತ್ತ ಇದ್ದ ಹತ್ತು ಹನ್ನೆರಡು ಜನ ತಿರುಗಿ ನೋಡಿದರು. ಅಮ್ಮ ಮಾತ್ರ ತಿರುಗಲಿಲ್ಲ. ನಾನು ಹದಿನಾಲ್ಕು ವರ್ಷದ ವರದಿಗಾರಿಕೆಯಲ್ಲಿ ಬಹಳಷ್ಟು ಕಡೆ ನಿಂತು ಬರೆದುಕೊಂಡಿದ್ದೇನೆ, ಕೋರ್ಟಿನಲ್ಲಿ, ಪಂಚಾಯತಿನಲ್ಲಿ, ಅಪಘಾತದ ಜಾಗದಲ್ಲಿ. ಯಾರೂ ಕೇಳದೆಯೇ ತಪ್ಪು ನನ್ನದು ಎಂದು ಒಪ್ಪಿಕೊಂಡವರನ್ನು ಕಂಡದ್ದು ಬಹಳ ಕಡಿಮೆ. ಅಂದು ನೋಟ್‌ಬುಕ್ ಚೀಲದಲ್ಲೇ ಇತ್ತು.

ಪಾತ್ರಿ ಕೈಯಲ್ಲಿದ್ದ ಅಡಿಕೆ ಹೂವಿನ ಸಿಂಗಾರವನ್ನು ಹಣೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಡುಗಿದ. ಆಮೇಲೆ ನುಡಿ ಬಂತು. ಈ ಸಲದ ಕೋಲ ಬಿಟ್ಟು ಅದರ ಮುಂದಿನ ಕೋಲದವರೆಗೆ ಗಡುವು. ಹೊಸ ಮರಿಯನ್ನು ಹರಕೆಯ ತಾಯಿಯೇ ಸಾಕಬೇಕು. ನೂಲು ಬಿಚ್ಚಿದ ಕೈ ದಿನವೂ ಅದಕ್ಕೆ ಒಂದು ಮುಷ್ಟಿ ನುಚ್ಚು ಹಾಕಬೇಕು. ಕಡಲಿನವನು ಕಡಲಿಗೆ ಹೋಗಲಿ.

ದರ್ಶನ ಇಳಿದ ಮೇಲೆ ಪಾತ್ರಿ ಹೆಗಲ ಬಟ್ಟೆಯಿಂದ ಬೆವರು ಒರೆಸಿಕೊಳ್ಳುತ್ತಾ ರಸ್ತೆಗೆ ಬಂದ. ಎದುರಿನ ಮನೆಯವರು ಚಾ ಕೊಟ್ಟರು. ಟೀಚರ್ ಅವನಿಗಾಗಿ ಕಾಯುತ್ತಾ ಅಲ್ಲೇ ನಿಂತಿದ್ದರು.

“ಒಂದ್ ಕೇಣ್ಕ್. ನುಚ್ಚ್ ಕೋಳಿಗಾ, ದೈವಕ್ಕಾ?”

ಅವನು ಚಾ ಲೋಟವನ್ನು ಪಾಗಾರದ ಮೇಲಿಟ್ಟ. ಪ್ರಶ್ನೆ ಹಾಸ್ಯದ್ದಲ್ಲವೆಂದು ಅವನಿಗೆ ಅರ್ಥವಾಗಿತ್ತು.

“ಕೋಳಿಗೇ ಟೀಚ್ರೇ. ದೈವ ನುಚ್ಚ್ ತಿಂಬುದಿಲ್ಲೆ.”

ಟೀಚರ್ ತಲೆಯಾಡಿಸಿ ಚಪ್ಪಲಿ ಹಾಕಿಕೊಂಡರು. ಬಸ್ ನಿಲ್ದಾಣದವರೆಗೆ ಅಮ್ಮ ಅವರ ಕೈ ಹಿಡಿದುಕೊಂಡೇ ಬಂದಳು. ಕಣ್ಣು ಕಾಣುವುದಿಲ್ಲವೆಂದು ಹಿಡಿದದ್ದು ಎಂದು ಇಬ್ಬರೂ ನಟಿಸಿದರು. ತಮ್ಮ ಮಧ್ಯಾಹ್ನವೇ ದೋಣಿಯ ಎಂಜಿನ್ ಬಿಚ್ಚಿ ಎಣ್ಣೆ ಹಾಕುತ್ತಿದ್ದ.

ಅದಾದ ಮೇಲಿನ ವರ್ಷ ನಮ್ಮ ಎರಡು ಮನೆಗಳಲ್ಲಿ ಹೆಚ್ಚಿನ ಸುದ್ದಿಯೇನೂ ಇಲ್ಲ. ಜನವರಿ ಮಧ್ಯದಲ್ಲಿ ಅಮ್ಮ ಮರಳಿ ಬಂದಳು. ಅಡುಗೆಯಾಗದೆ ಉಳಿದ ಆ ಇನ್ನೊಂದು ಹುಂಜವನ್ನು ಕೊಯ್ಯಲು ಯಾರಿಗೂ ಮನಸ್ಸು ಬರಲಿಲ್ಲ. ಅಮ್ಮ ಒಂದು ಹೇಂಟೆ ತಂದಳು. ಫೆಬ್ರವರಿಯಲ್ಲಿ ಅದು ಕಾವಿಗೆ ಕೂತಿತು. ಹುಟ್ಟಿದ ಮರಿಗಳಲ್ಲಿ ಕೆಂಪಿನದು ಒಂದೇ. ಅದು ಹುಂಜವೋ ಹೇಂಟೆಯೋ ಎಂದು ತಿಳಿಯಲು ಬೇಕಾದ ಆರೇಳು ವಾರ ಇಬ್ಬರೂ ಹೆಂಗಸರು ದಿನಕ್ಕೆ ನಾಲ್ಕು ಸಲ ಅದರ ತಲೆ ನೋಡಿದರು. ಜುಟ್ಟು ಕೆಂಪಾಗಿ ಏಳತೊಡಗಿದ ದಿನ ಟೀಚರ್ ನನ್ನ ಕಚೇರಿಗೆ ಫೋನ್ ಮಾಡಿದರು. ಗ್ರಾಮಸಭೆಯೊಂದರ ವರದಿ ಬರೆಯುತ್ತಿದ್ದೆ. ಹುಂಜವೇ ಎಂದಷ್ಟೇ ಹೇಳಿ ಫೋನ್ ಇಟ್ಟರು.

ದಿನವೂ ಬೆಳಿಗ್ಗೆ ಏಳಕ್ಕೆ ಮುಂಚೆ ಟೀಚರ್ ಪಾಗಾರದ ಹತ್ತಿರ ಬಂದು ಒಂದು ಮುಷ್ಟಿ ನುಚ್ಚು ಈಚೆಗೆ ಚೆಲ್ಲುತ್ತಾರೆ. ಜ್ವರ ಬಂದ ಮೂರು ದಿನವೂ ಬಂದರು. ಮಳೆಗಾಲದಲ್ಲಿ ಕೊಡೆ ಹಿಡಿದು ಬಂದರು. ಎರಡನೇ ಕಣ್ಣಿನ ಆಪರೇಷನ್‌ಗೆಂದು ಒಂದು ದಿನ ಆಸ್ಪತ್ರೆಯಲ್ಲಿದ್ದಾಗ, ಆ ದಿನದ ಮುಷ್ಟಿಯನ್ನು ಹಿಂದಿನ ಸಂಜೆಯೇ ಅಳೆದು ಕಾಗದದಲ್ಲಿ ಕಟ್ಟಿಟ್ಟು ಹೋದರು. ಅದನ್ನು ಹಾಕಿದ್ದು ನಾನು. ನುಚ್ಚು ಚೆಲ್ಲುವಾಗ ಅವರ ತುಟಿ ಅಲುಗುತ್ತದೆ. ಅವರು ತಮ್ಮ ದೇವರಿಗೆ ಏನು ಹೇಳುತ್ತಾರೆಂದು ನನಗೆ ಗೊತ್ತಿಲ್ಲ. ಒಂದು ಸಲ ಅಮ್ಮ ಕೇಳಿದಳು. ನಿಮ್ಮ ಮಗನ ಹೆಸರು ಹೇಳುತ್ತೇನೆ ಎಂದರಂತೆ.

ನಾನು ಈಗಲೂ ಬೆಳಿಗ್ಗೆ ಅರ್ಧ ಗಂಟೆ ಓದುತ್ತೇನೆ. ಹೊಸ ಕಣ್ಣಿನಿಂದ ಅವರು ತಾವೇ ಓದಬಲ್ಲರು. ಅಕ್ಷರ ಸಣ್ಣದು ಎನ್ನುತ್ತಾರೆ. ನಾನೂ ನಂಬಿದವಳಂತೆ ಪುಸ್ತಕ ತೆರೆಯುತ್ತೇನೆ. ಆ ಜಗಲಿಯಿಂದ ನನಗೆ ಬಂದದ್ದು ಬಹಳ. ಮೊದಲು ಅಕ್ಷರ, ಆಮೇಲೆ ಕೆಲಸ, ಆಮೇಲೆ ಮನೆ, ಕೊನೆಗೆ ಈ ಮುಖಪುಟದ ತಿದ್ದುಪಡಿ. ಕಚೇರಿಯಲ್ಲಿ ಈ ವರ್ಷ ನನ್ನ ವರದಿಯೊಂದರಲ್ಲಿ ತಪ್ಪು ನುಸುಳಿತು. ಸಂಬಂಧಪಟ್ಟವರ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಚಾ ಕೊಟ್ಟರು.

ಕೋಲಕ್ಕೆ ಇನ್ನು ಮೂರು ತಿಂಗಳಿದೆ. ತಮ್ಮ ನಿನ್ನೆಯೂ ಕಡಲಿಗೆ ಹೋಗಿ ಬಂದಿದ್ದಾನೆ. ಈ ಬೆಳಿಗ್ಗೆ ನುಚ್ಚು ಹಾಕಲು ಬಂದ ಟೀಚರಿಗೆ ಹುಂಜದ ಕಾಲಿನ ನೂಲು ಸವೆದು ಸಡಿಲವಾಗಿದ್ದು ಕಂಡಿತು. ಅವರು ಅಮ್ಮನನ್ನು ಕೂಗಿ ಕರೆದರು. ಅಮ್ಮ ಒಳಗೆ ಹೋಗಿ ಹೊಸ ನೂಲಿಗೆ ಅರಶಿನ ಹಚ್ಚಿ ತಂದು ಕಟ್ಟಿ ಮುಗಿಸುವವರೆಗೆ, ಟೀಚರ್ ಹುಂಜವನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡಿದ್ದರು.